ಗೊಬ್ಬರದ ಡ್ರಮ್ಮಿನ ಚಮಚಗಳು

ಜೂನ್ ೧೪, ರಾತ್ರಿ ಒಂಬತ್ತೂವರೆ. ಕೊನೆಗೂ ಇವತ್ತು ಗೊಬ್ಬರದ ಡ್ರಮ್ ಖಾಲಿ ಮಾಡಿದೆ. ಇವರು ತೀರಿಕೊಂಡ ಮೇಲೆ, ಇವರು ಹಾಕಿದ್ದ ಸಿಪ್ಪೆಗಳ ಮೇಲೆ ನನ್ನದನ್ನು ಸುರಿಯಲು ಮನಸ್ಸು ಬಾರದೆ ಹಸಿಕಸವನ್ನೆಲ್ಲ ಗಾಡಿಗೇ ಕೊಡುತ್ತಿದ್ದೆ.

ಬೆಳಿಗ್ಗೆ ಕಸದ ಗಾಡಿಯವಳು, "ಅಕ್ಕಾ, ಅಣ್ಣ ಇದ್ದಾಗ ಈ ಮನೆಯಿಂದ ಒಂದು ಸಿಪ್ಪೆನೂ ಬರ್ತಿರ್ಲಿಲ್ಲ. ಈಗ ಎಲ್ಲಾ ಕಸದ ಗುಡ್ಡೇಲಿ ನಾರ್ತಿದೆ. ಅವರಿದ್ದಿದ್ರೆ ಬೈತಿದ್ರು" ಎಂದಳು.

ಸಂಜೆ ಅವಳೇ ಬಂದು ಜರಡಿ ಹಿಡಿದಳು. ಗೊಬ್ಬರದೊಳಗೆ ನಮ್ಮ ಎರಡು ಚಮಚ ಸಿಕ್ಕವು. ತಟ್ಟೆ ಕೆರೆಯುವಾಗ ಇವರು ಚಮಚವನ್ನೂ ಸೇರಿಸಿ ಹಾಕುತ್ತಿದ್ದರು. ಕೇಳಿದರೆ, "ನಾನಲ್ಲಪ್ಪ."

"ಅಣ್ಣ ಬಿತ್ತಿದ್ರು, ಮೊಳಕೆ ಬಂದಿಲ್ಲ ಅಷ್ಟೇ" ಎಂದು ಅವಳು ನಕ್ಕಳು.

ಎಷ್ಟೋ ದಿನದ ಮೇಲೆ ಇವರ ಮೇಲೆ ಸಿಟ್ಟು ಬಂತು. ಹಿತವಾಗಿತ್ತು.

ಊಟವಾದ ಮೇಲೆ ಬಾಳೆಹಣ್ಣಿನ ಸಿಪ್ಪೆಯನ್ನು ಖಾಲಿ ಡ್ರಮ್ಮಿಗೆ ಹಾಕಿ ಬಂದೆ. ನಾಳೆ ಗಾಡಿಗೆ ಕೊಡಲು ಹಸಿಕಸವಿಲ್ಲ.