ವೈಜಯಂತಿಯ ಗ್ರೈಂಡರ್

ಭೋಸರಿ, ಪುಣೆ
ಭಾನುವಾರ

ರಂಗೂ ಕಾಕೂಗೆ ಪೂರ್ವಾಳ ನಮಸ್ಕಾರ.

ಬೆಳಗಾವಿಗೆ ಹೋದ ಮೇಲೆ ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವೈಜಯಂತಿಯ ಜೀವ ತೆಗೆದ ಗ್ರೈಂಡರನ್ನು ನಮ್ಮ ಕಾರ್ಖಾನೆಗೆ ಒಯ್ದಿದ್ದೆ. ಹೊಸ ಗ್ರೈಂಡರ್‌ಗಳ ಅರ್ಥಿಂಗ್ ಪರೀಕ್ಷಿಸುವುದೇ ಅಲ್ಲಿ ನನ್ನ ಕೆಲಸ. ಲೋಹದ ಮೈಗೆ ಕ್ಲಿಪ್ ಹಾಕಿ, ಪ್ಲಗ್ಗಿನ ಅರ್ಥಿಂಗ್ ಪಿನ್ನಿನವರೆಗೆ ಕರೆಂಟ್ ಹರಿಸುತ್ತೇನೆ. ಕರೆಂಟಿನ ದಾರಿ ಕಡಿದಿದ್ದರೆ ಬಜರ್ ಕೂಗುತ್ತದೆ. ಅದು ಕೂಗಿತು. ಬಿಚ್ಚಿ ನೋಡಿದರೆ, ಒಳಗೆ ಅರ್ಥಿಂಗ್ ವೈರನ್ನು ಜೋಡಿಸಿಯೇ ಇರಲಿಲ್ಲ.

"ಹಸಿ ಕೈಲೆ ಹಚ್ಚಂತ ಅವಸರ ಮಾಡಿದಾಕಿ ನಾನ, ನನ್ನ ಮಗಳನ್ನ ನಾನ ಕೊಂದೆ" ಎಂದು ಆ ದಿನ ಅತ್ತಿರಿ. ಇಲ್ಲ ಕಾಕೂ. ಆ ವೈರ್ ಇದ್ದಿದ್ದರೆ ಮೈಗೆ ಸೋರಿದ ಕರೆಂಟ್ ನೆಲಕ್ಕಿಳಿದು ಫ್ಯೂಸ್ ಹಾರುತ್ತಿತ್ತು, ಅವಳು ಉಳಿಯುತ್ತಿದ್ದಳು.

ದಯವಿಟ್ಟು ಹೊತ್ತಿಗೆ ಸರಿಯಾಗಿ ಉಣ್ಣಿ. ಗ್ರೈಂಡರನ್ನು ಗುಜರಿಗೆ ಹಾಕು ಎಂದು ಮಾತ್ರ ಹೇಳಬೇಡಿ. ಅಲ್ಲಿಂದ ಮತ್ತೊಬ್ಬರ ಅಡುಗೆಮನೆ ಸೇರೀತು.

ನಿನ್ನೆ ಕಾರ್ಖಾನೆಯ ಲೈನಿನಲ್ಲಿ ಒಂದು ಹೊಸ ಗ್ರೈಂಡರ್ ಪರೀಕ್ಷೆಯಲ್ಲಿ ಫೇಲಾಯಿತು. ಪಕ್ಕಕ್ಕಿಡಬೇಕಿತ್ತು, ಕೈ ಏಳಲಿಲ್ಲ. ಅದರೆದುರು ವೈಜಯಂತಿ ನಿಂತಿದ್ದಳು, ಹಿಟ್ಟು ಮೆತ್ತಿದ ಕೈ ಚಾಚಿಕೊಂಡು.

"ಮುಟ್ಟಬ್ಯಾಡ!" ಎಂದು ಚೀರಿದೆ. ಕೆಲಸ ನಿಲ್ಲಿಸಿ ಎಲ್ಲರೂ ನನ್ನನ್ನೇ ನೋಡಿದರು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಕಾಕೂ.

ನಿಮ್ಮ
ಪೂರ್ವಾ