ತನ್ವಿಯ ರಾಕ್ಷಸಿಯರು

ಹ್ಯಾರಿಸನ್, ನ್ಯೂಜೆರ್ಸಿ
೧೬ ನವೆಂಬರ್ ೨೦೨೪

ಅಕ್ಕನಿಗೆ ಮಣಿಯ ನಮಸ್ಕಾರಗಳು.

ವಾರಕ್ಕೆರಡು ಸಲ ಫೋನಿನಲ್ಲಿ ಸಿಗುವವಳು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ತನ್ವಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮೊದಲು ಅದನ್ನೇ ಹೇಳಿಬಿಟ್ಟೆ. ಆದರೆ ಅಕ್ಟೋಬರ್ ಹತ್ತರಂದು ಫೋನಿನಲ್ಲಿ ನಿನ್ನ ಹತ್ತಿರ ನಾನಾಡಿದ ಒಂದು ಮಾತು ಇಲ್ಲಿ ಏನೇನು ಮಾಡಿತು ಎಂಬುದನ್ನು ಮತ್ತೆ ಫೋನಿನಲ್ಲೇ ಹೇಳುವ ಧೈರ್ಯ ನನಗಿಲ್ಲ. ಮಾರಿಸ್‌ಟೌನಿನಲ್ಲಿ ನಮ್ಮ ಪಕ್ಕದ ಮನೆಯ ಕಲಾ ಬುಧವಾರ ಮೈಸೂರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ತನ್ವಿಯ ಕೆಲಸ ನಿನಗೆ ಗೊತ್ತಲ್ಲ, ನ್ಯೂಯಾರ್ಕಿನ ಒಂದು ಗ್ರಂಥಾಲಯದಲ್ಲಿ ಹರಿದ ಹಳೆಯ ಕಾಗದಗಳನ್ನು ಸರಿಪಡಿಸುವುದು. ಎರಡು ವರ್ಷದಿಂದ ಅವಳ ಮೇಜಿನ ಮೇಲೆ ಇದ್ದದ್ದು ಯಹೂದಿ ಬಾಣಂತಿಯರ ಕೋಣೆಯ ಗೋಡೆಗೆ ಅಂಟಿಸುತ್ತಿದ್ದ ರಕ್ಷಾಪತ್ರಗಳು. ಲಿಲಿತ್ ಎಂಬ ರಾಕ್ಷಸಿ ಹಸುಗೂಸುಗಳನ್ನು ಒಯ್ಯದಿರಲಿ ಎಂದು ಬರೆಸಿದವು. ಆ ಲಿಲಿತ್ ಆದಮನ ಮೊದಲ ಹೆಂಡತಿಯಂತೆ. ಅವನನ್ನು ಮಾಡಿದ ಮಣ್ಣಿನಿಂದಲೇ ಇವಳನ್ನೂ ಮಾಡಿದ್ದಂತೆ. ‘ನಾನೇಕೆ ನಿನಗಿಂತ ಕೆಳಗೆ?’ ಎಂದು ಕೇಳಿ, ದೇವರ ಗುಟ್ಟಿನ ಹೆಸರನ್ನು ಉಚ್ಚರಿಸಿ ಹಾರಿಹೋದಳಂತೆ. ಹಿಡಿಯಲು ಬಂದ ಮೂವರು ದೇವದೂತರಿಗೆ, ನಿಮ್ಮ ಹೆಸರು ಬರೆದಿರುವ ಕಡೆ ಮಗುವನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳಂತೆ. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಾಗೆ.

ತನ್ವಿ ಬಸುರಿಯಾದ ಮೇಲೂ ಇದೇ ಕೆಲಸ ಮಾಡುತ್ತಿದ್ದದ್ದು ನನಗೆ ಸರಿಬರಲಿಲ್ಲ. ಅವುಗಳ ಫೋಟೋ ತೋರಿಸಲು ಬಂದರೆ ಮುಖ ತಿರುಗಿಸುತ್ತಿದ್ದೆ. ‘ಅಮ್ಮ, ಇದನ್ನ ಬರೆಸಿದೋರೇನೂ ದಡ್ಡರಲ್ಲ. ಕಾರಣವೇ ಇಲ್ಲದೆ ಮಕ್ಕಳು ಸಾಯ್ತಿದ್ದ ಕಾಲ. ತಪ್ಪು ಹೊರೋಕೆ ಲಿಲಿತ್ ಇಲ್ಲದಿದ್ದರೆ, ತಾಯಿ ತಲೆ ಮೇಲೇ ಬರೋದು’ ಎಂದಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ.

ಲಾಸ್ಯಾ ಹುಟ್ಟಿದ್ದು ಸೆಪ್ಟೆಂಬರ್ ಮೊದಲ ವಾರ. ಅಳಿಯ ಕುನಾಲ್ ರಜೆ ಮುಗಿಸಿ ಆಫೀಸಿಗೆ ಹೊರಟ ದಿನ ನಾನು ಫಾರ್ಮಸಿ ಕೆಲಸಕ್ಕೆ ರಜೆ ಹಾಕಿ ಇಲ್ಲಿ ಅವಳ ಮನೆಗೆ ಬಂದೆ. ಸಾಂಬ್ರಾಣಿ, ಮೆಂತ್ಯದ ಮುದ್ದೆ, ಎಣ್ಣೆನೀರು ಎಲ್ಲವೂ ನಡೆಯುತ್ತಿತ್ತು. ಆದರೆ ತನ್ವಿ ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಹಾಲು ಪಂಪ್ ಮಾಡಿ ಬಾಟಲಿ ನನ್ನ ಕೈಗಿಟ್ಟು, ಕೋಣೆಯ ಆಚೆ ಮೂಲೆಗೆ ಹೋಗಿ ಕೂತುಬಿಡುತ್ತಿದ್ದಳು. ತಲೆ ಬಾಚುತ್ತಿರಲಿಲ್ಲ. ಮಗು ಅತ್ತರೆ ಇನ್ನೂ ಹಿಂದೆ ಸರಿಯುತ್ತಿದ್ದಳು. ಆ ಹತ್ತನೇ ತಾರೀಕು ನನಗೆ ರೇಗಿಹೋಯಿತು. ನಿನ್ನ ಫೋನ್ ಬಂದಾಗ ಅಂದುಬಿಟ್ಟೆ: ‘ಹೆತ್ತ ಮಗೂನ ಮುಟ್ಟೋದಿಲ್ಲ ಅಕ್ಕ ಇವಳು. ತಾಯಿಯೋ ರಾಕ್ಷಸಿಯೋ?’

ಫೋನ್ ಇಟ್ಟು ತಿರುಗಿದರೆ ತನ್ವಿ ಬಾಗಿಲಲ್ಲಿ ನಿಂತಿದ್ದಾಳೆ.

ಅಳಲಿಲ್ಲ, ಕೂಗಲಿಲ್ಲ. ‘ರಾಕ್ಷಸಿ ಅಂದ್ಯಲ್ಲ, ಯಾವ ರಾಕ್ಷಸಿ ಅಮ್ಮ? ಐ ನೋ ಕ್ವೈಟ್ ಎ ಫ್ಯೂ’ ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು, ಪಾಠ ಹೇಳುವವಳ ಹಾಗೆ ಹೇಳಿದಳು. ಆ ಯಹೂದಿಗಳ ಕಥೆಗಳಲ್ಲೇ ಎಸ್ತ್ರಿ ಎಂದು ಇನ್ನೊಬ್ಬಳಿದ್ದಾಳಂತೆ. ಊರ ಹೆಂಗಸರ ನಡುವೆ ಹೆಂಗಸಾಗಿಯೇ ಇರುತ್ತಾಳೆ, ಕೂದಲು ಬಿಚ್ಚಿದರೆ ಹಾರುತ್ತಾಳೆ, ರಕ್ತ ಕುಡಿದು ಬದುಕುತ್ತಾಳೆ. ಯೂರೋಪಿನ ರಕ್ತಪಿಶಾಚಿಗಳ ಕಥೆಗೆ ಇವಳೂ ಒಂದು ಬೇರು ಎನ್ನುವವರಿದ್ದಾರಂತೆ. ಯಾರಾದರೂ ಅವಳನ್ನು ಕಂಡು ಹೊಡೆದರೆ ಅವಳು ಸಾಯುತ್ತಾಳೆ. ಉಳಿಯಲು ಒಂದೇ ದಾರಿ, ಹೊಡೆದವರ ಮನೆಯ ರೊಟ್ಟಿ, ಉಪ್ಪು ತಿನ್ನಬೇಕು.

ಆಮೇಲೆ ದನಿ ತಗ್ಗಿಸಿ, ‘ನಾನು ಲಾಸ್ಯಾನ ಎತ್ತಿಕೊಂಡ ತಕ್ಷಣ ಕಣ್ಮುಂದೆ ಪಿಕ್ಚರ್ಸ್ ಬರುತ್ತೆ. ಅವಳು ನನ್ನ ಕೈಯಿಂದ ಬಿದ್ದ ಹಾಗೆ. ನಾನೇ ಬೀಳಿಸಿದ ಹಾಗೆ. ಎತ್ಕೋಬಾರದು ಅಂತಲ್ಲ ಅಮ್ಮ. ಐ ಆ್ಯಮ್ ಕೀಪಿಂಗ್ ಹರ್ ಸೇಫ್. ನನ್ನಿಂದ’ ಎಂದಳು.

ಅಕ್ಕ, ಅಷ್ಟೂ ದಿನ ಅವಳು ಕೂತಿದ್ದ ಮೂಲೆಯನ್ನು ನಾನು ಸೋಮಾರಿತನ ಎಂದುಕೊಂಡಿದ್ದೆ, ಸೊಕ್ಕು ಎಂದುಕೊಂಡಿದ್ದೆ. ಅವಳು ಅಲ್ಲಿ ಕಾವಲು ಕೂತಿದ್ದಳು.

ಬೆಳಿಗ್ಗೆಯೇ ತಾನಾಗಿ ಡಾಕ್ಟರಿಗೆ ಫೋನ್ ಮಾಡಿದ್ದಳು. ಎರಡು ಗಂಟೆಗೆ ಬರಹೇಳಿದ್ದರು. ‘ನನಗೆ ಸ್ಟಿಯರಿಂಗ್ ಹಿಡಿಯೋಕೂ ಭಯ. ನೀನು ಡ್ರೈವ್ ಮಾಡ್ತೀಯಾ?’ ಎಂದಳು. ಹೂಂ ಎಂದೆ. ಡಬ್ಬಿಯಲ್ಲಿ ಬೆಳಗಿನ ಚಪಾತಿ ಇತ್ತು. ಬಿಸಿ ಮಾಡಿ, ತುಪ್ಪ ಸವರಿ, ಮೇಲೆ ಚಿಟಿಕೆ ಉಪ್ಪು ಉದುರಿಸಿ ಮುರಿದು ಕೊಟ್ಟೆ. ನನ್ನ ಮುಖ ನೋಡಿದಳು. ಪೂರ್ತಿ ತಿಂದಳು.

ಡಾಕ್ಟರು ಅವಳ ಜೊತೆ ಒಂದು ಗಂಟೆ ಮಾತಾಡಿದರು. ಇದು ಕಾಯಿಲೆ, ಇದಕ್ಕೆ ಔಷಧಿ ಇದೆ, ಇಂಥ ಚಿತ್ರಗಳಿಗೆ ಹೆದರಿ ಬಾಯಿ ಮುಚ್ಚಿಕೊಂಡಿರುವ ತಾಯಂದಿರು ಎಷ್ಟೋ ಜನ, ನೀವಾಗಿ ಸಹಾಯ ಕೇಳಿಕೊಂಡು ಬಂದಿರಲ್ಲ ಅದು ದೊಡ್ಡದು ಎಂದರಂತೆ. ಅವಳು ಹೊರಗೆ ಬಂದಾಗ ನಾನು ಪಾರ್ಕಿಂಗ್ ಲಾಟಿನಲ್ಲಿ, ಹಿಂದಿನ ಸೀಟಿನಲ್ಲಿ ಮಲಗಿದ್ದ ಲಾಸ್ಯಾಳನ್ನು ನೋಡುತ್ತಾ ಕೂತಿದ್ದೆ. ಮೂವತ್ತಮೂರು ವರ್ಷ ನೀನೂ ನಾನೂ ಬಾಯಿ ಬಿಡದ ಸಂಗತಿಯನ್ನು ಆ ಕಾರಿನಲ್ಲೇ ಹೇಳಿದೆ.

ಅವಳು ಹುಟ್ಟಿದಾಗ ನನಗೂ ಹೀಗೇ ಆಗಿತ್ತು ಎಂದೆ. ಬಚ್ಚಲಿನ ನೀರು ಕಂಡರೆ ನಡುಕ ಬರುತ್ತಿತ್ತು, ಮಗುವಿಗೆ ನಾನು ನೀರೆರೆಯುವುದಿಲ್ಲ ಎಂದು ಹಟ ಹಿಡಿದಿದ್ದೆ ಎಂದೆ. ಅಮ್ಮ ಊರಿಗೆಲ್ಲ ‘ಮಣಿಗೆ ಕಾಮಾಲೆ’ ಎಂದು ಹೇಳಿ ಮಗುವನ್ನು ನಿನ್ನ ಮನೆಗೆ ಕಳಿಸಿದ್ದನ್ನು ಹೇಳಿದೆ. ಆಗಲೇ ಅಮೆರಿಕದಲ್ಲಿದ್ದ ನಮ್ಮ ಮನೆಯವರಿಗೂ ಕಾಮಾಲೆ ಎಂದೇ ಬರೆದದ್ದನ್ನು ಹೇಳಿದೆ. ‘ನಾಲ್ಕು ತಿಂಗಳು ನಿನಗೆ ಎದೆಹಾಲು ಕುಡಿಸಿದ್ದು ದೊಡ್ಡಮ್ಮ, ನಾನಲ್ಲ’ ಎಂದೆ.

ಅವಳು ಸಮಾಧಾನ ಮಾಡುತ್ತಾಳೆಂದು ಎಣಿಸಿದ್ದೆನೋ ಏನೋ. ‘ನಿನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಅಂದೆ’ ಎಂದಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅದು ನನಗೆ ಬೇಕಾದದ್ದೇ. ನಾನು ಹಾಗೆ ಅಂದದ್ದು ಅವಳಿಗಲ್ಲ ಅಕ್ಕ, ಅವಳಲ್ಲಿ ಕಂಡ ನನಗೇ. ಇದನ್ನು ಅವಳಿಗೆ ಹೇಳಲು ಹೋಗಲಿಲ್ಲ. ನೆಪದ ಹಾಗೆ ಕೇಳಿಸುತ್ತಿತ್ತು.

ಮೂರನೆಯ ದಿನ ತಾನೇ ಕರೆದು, ‘ನನ್ನ ಪಕ್ಕ ಕೂತ್ಕೋ. ಹತ್ತು ನಿಮಿಷ ಎತ್ತಿಕೊಳ್ತೀನಿ. ಕೈ ಹಾಕಬೇಡ, ಸುಮ್ಮನೆ ಕೂತಿರು’ ಎಂದಳು. ಹಣೆಯಲ್ಲಿ ಬೆವರು. ಮಗುವಿನ ಮುಖ ನೋಡುತ್ತಾ ಒಂದು, ಎರಡು ಎಂದು ಕನ್ನಡದಲ್ಲಿ ಎಣಿಸುತ್ತಿದ್ದಳು. ಹತ್ತು ನಿಮಿಷವೂ ಎಣಿಸಿದಳು. ಮರುದಿನ ಹದಿನೈದು. ಅಷ್ಟು ಧೈರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಹೆದರಿ ಓಡಿದೆ, ಅವಳು ತನ್ನ ಭಯಕ್ಕೆ ಹೆಸರಿಟ್ಟು ಅದರೆದುರೇ ಕೂತಳು. ಆ ರಕ್ಷಾಪತ್ರ ಬರೆಸಿದ ಹೆಂಗಸರೂ ಅದನ್ನೇ ಮಾಡಿರಬೇಕು.

ಈಗ ಕುನಾಲ್‌ಗೂ ಎಲ್ಲ ಗೊತ್ತು. ಮನೆಯಿಂದಲೇ ಕೆಲಸ ಮಾಡುತ್ತಾನೆ. ಔಷಧಿ ಹತ್ತಿದೆ. ನಿನ್ನೆ ಮಧ್ಯಾಹ್ನ ತನ್ವಿ ತಾನೇ ಲಾಸ್ಯಾಳಿಗೆ ನೀರೆರೆದಳು. ನಾನು ಬಚ್ಚಲ ಬಾಗಿಲಿಗೂ ಹೋಗಲಿಲ್ಲ. ನಡುಮನೆಯಲ್ಲಿ ಕೂತು, ಮಗುವಿನ ಕಿರುಚಾಟವನ್ನೂ ಅವಳ ನಗುವನ್ನೂ ಕೇಳಿಸಿಕೊಂಡೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಮಣಿ

ಮರೆತದ್ದು: ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ‘ದೊಡ್ಡಮ್ಮನಿಗೆ ಮಕ್ಕಳಿಲ್ಲ. ಮತ್ತೆ ಹಾಲು ಹೇಗಿತ್ತು?’ ಎಂದು ತನ್ವಿ ಕೇಳಿದಳು. ಅದನ್ನು ದೊಡ್ಡಮ್ಮನೇ ಹೇಳಬೇಕು ಎಂದೆ. ಫೋನ್ ಮಾಡುತ್ತಾಳೆ, ಇಷ್ಟವಿದ್ದರೆ ಹೇಳು. ಹನ್ನೊಂದು ದಿನ ಇದ್ದು ಹೋದ ನಿನ್ನ ಗಂಡುಕೂಸಿನ ದುಃಖ ಆರುವ ಮೊದಲೇ ನೀನು ನನ್ನ ಮಗುವನ್ನು ಎದೆಗೆ ಹಾಕಿಕೊಂಡೆ. ನಾಲ್ಕು ತಿಂಗಳಾದ ಮೇಲೆ ಅದನ್ನೂ ನನ್ನ ಮಡಿಲಿಗೆ ಹಾಕಿ, ಬರಿಗೈಯಲ್ಲಿ ಬಸ್ಸು ಹತ್ತಿದೆ. ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ ಅಕ್ಕ, ಅವನನ್ನು ನೀನು ಏನೆಂದು ಕರೆಯುತ್ತಿದ್ದೆ?