ಅವನು ‘ಹಾಕಿ’ ಅನ್ನಲಿಲ್ಲ

ಭಾನುವಾರ, ಮಧ್ಯಾಹ್ನ

ಟೀಚರಮ್ಮನಿಗೆ,

ನೀನು ಮನೆ ಬಿಟ್ಟು ಆರು ವರ್ಷವಾದ ಮೇಲೆ ಹೀಗೆ ಕರೆಯುತ್ತಿದ್ದೇನೆ, ಸಿಟ್ಟಾಗಬೇಡ. ಹೆಂಡತಿಯನ್ನು ಬೇರೆ ಹೇಗೆ ಕರೆದು ಶುರು ಮಾಡಲಿ ಎಂದು ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ಕಾಗುಣಿತ ತಪ್ಪಿದ್ದರೆ ನಿನ್ನ ಮೂರನೇ ಕ್ಲಾಸಿನ ಮಕ್ಕಳಿಗೆ ಹಾಕುವಂತೆ ಕೆಂಪು ಗೆರೆ ಹಾಕು. ಆದರೆ ಕೊನೆಯವರೆಗೂ ಓದು, ಅಷ್ಟು ಸಾಕು.

ಲಿಫ್ಟ್ ರಿಪೇರಿ ಕೆಲಸ ಬಿಟ್ಟು ಬಹಳ ದಿನವಾಯಿತು. ಈಗ ಒಂದು ಗೋದಾಮಿನ ಗೇಟು ಕಾಯುತ್ತೇನೆ. ಲಾರಿ ಬಂದರೆ ತೆಗೆಯುವುದು, ಹೋದರೆ ಮುಚ್ಚುವುದು. ಕುರ್ಚಿಯ ಒಂದು ಕಾಲು ಮೋಟು. ನನ್ನ ಮಂಡಿಗಳ ಕತೆಯೂ ಹೆಚ್ಚುಕಡಿಮೆ ಅದೇ. ನಾವಿಬ್ಬರೂ ಒಬ್ಬರನ್ನೊಬ್ಬರು ಹೇಗೋ ಸಂಭಾಳಿಸುತ್ತೇವೆ.

ನಾನು ಚರ್ಚಿಗೆ ಹೋಗುವ ಸುದ್ದಿ ನಿನ್ನ ಕಿವಿಗೆ ಬಿದ್ದಿರಬೇಕು. ನಮ್ಮ ಮದುವೆಯ ದಿನ ಬಿಟ್ಟರೆ ಆ ಬಾಗಿಲು ತುಳಿಯದವನು ಎರಡು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಕುಡಿತ ಬಿಟ್ಟಿದ್ದೇನೆ, ಇದು ನಿಜ. ಒಂದು ದಿನ ಪಾಸ್ಟರು ಸಾಕ್ಷಿ ಹೇಳು ಎಂದರು. ಎದ್ದು ನಿಂತೆ. ಕುಡಿದದ್ದು, ಹೆಂಡತಿಯನ್ನು ಅಳಿಸಿದ್ದು, ಮನೆ ಮುರಿದದ್ದು, ಕರ್ತನು ಕೈಹಿಡಿದು ಎತ್ತಿದ್ದು, ಎಲ್ಲ ಹೇಳಿದೆ. ಜನ ಕಣ್ಣೀರು ಒರೆಸಿಕೊಂಡರು. ಒಬ್ಬ ಅಜ್ಜಿ ತಬ್ಬಿಕೊಂಡು, ಹಳೆಯದೆಲ್ಲ ಹೋಯಿತು ಮಗನೇ, ಇನ್ನು ತಿರುಗಿ ನೋಡಬೇಡ ಎಂದರು. ನನಗೆ ಕಳ್ಳತನ ಮಾಡಿ ಸಿಕ್ಕಿಬೀಳದವನ ಹಾಗಾಯಿತು. ಕುಡುಕನಿಗೆ ಕುಡಿತ ಒಪ್ಪಿಕೊಳ್ಳುವುದು ಏನು ಮಹಾ? ಅದು ಬೀದಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲದ್ದನ್ನು ನಾನು ಹೇಳಲೇ ಇಲ್ಲ.

ನಿನ್ನ ತಮ್ಮನ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಗುಬ್ಬಿಯ ಬಗ್ಗೆ.

ಎಂಥ ಸಂದಿಯಲ್ಲೂ ತೂರಿಕೊಳ್ಳುತ್ತಿದ್ದುದಕ್ಕೆ ಆ ಹೆಸರಿಟ್ಟವನು ನಾನೇ. ಮೂವತ್ತೊಂದು ವರ್ಷದ ಗಂಡಸು, ಗುಬ್ಬಿ ಅಂದರೆ ಓ ಎನ್ನುತ್ತಿದ್ದ. ಆ ದಿನ ನಾಲ್ಕು ಮಹಡಿಯ ಆಸ್ಪತ್ರೆಯೊಂದರಲ್ಲಿ ಕೆಲಸ. ಅವನು ಲಿಫ್ಟಿನ ಕೆಳಗೆ, ತಳದ ಗುಂಡಿಗೆ ಇಳಿದು ಹಳೇ ಗ್ರೀಸ್ ಕೆರೆಯುತ್ತಿದ್ದ. ನಾನು ಮೇಲೆ ಮೋಟಾರಿನ ಕೋಣೆಯಲ್ಲಿದ್ದೆ. ಮೇನ್ ಸ್ವಿಚ್ಚು ನನ್ನ ಕೈಯಲ್ಲಿ. ಅವನು ಹೊರಗೆ ಬಂದು ‘ಆಯ್ತು ಭಾವ, ಹಾಕಿ’ ಎಂದು ಕೂಗಬೇಕು, ಆಮೇಲೆ ನಾನು ಹಾಕಬೇಕು. ಹನ್ನೊಂದು ವರ್ಷ ಹಾಗೇ ಮಾಡಿಕೊಂಡು ಬಂದಿದ್ದೆವು.

ಅವನೇ ಹಾಕಿ ಎಂದ, ಅದಕ್ಕೇ ಹಾಕಿದೆ ಎಂದು ಪೊಲೀಸರಿಗೆ ಹೇಳಿದೆ. ಕಂಪನಿಗೆ ಹಾಗೆಯೇ ಬರೆದುಕೊಟ್ಟೆ. ಸತ್ತವನ ಅಜಾಗರೂಕತೆ ಎಂದು ರಿಪೋರ್ಟಾಯಿತು. ಅವನು ಕುಡಿದಿದ್ದನಾ ಎಂದು ಯಾರೋ ಕೇಳಿದಾಗ ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಹನಿ ಮುಟ್ಟದವನು ಅವನು. ನನ್ನ ಮೌನವೇ ಅವನನ್ನು ಕುಡುಕನನ್ನಾಗಿ ಮಾಡಿತು.

ಅವನು ಹಾಕಿ ಅನ್ನಲಿಲ್ಲ. ಅವನು ಒಳಗಿದ್ದಾನೆ ಎಂಬುದನ್ನೇ ಮರೆತು ಹಾಕಿಬಿಟ್ಟೆ.

ಆಮೇಲೆ ನಿನ್ನ ಮುಖ ನೋಡಲಾಗುತ್ತಿರಲಿಲ್ಲ. ನೀನು ತಲೆ ಬಾಚಿಕೊಳ್ಳುವಾಗ ಪಕ್ಕದಿಂದ ಥೇಟ್ ಅವನೇ. ನಾನು ಮನೆಗೆ ತಡವಾಗಿ ಬಂದದ್ದು, ಕುಡಿದದ್ದು, ಊಟದ ತಟ್ಟೆ ಹಿಡಿದು ಬೇರೆ ಕೋಣೆಗೆ ಹೋಗುತ್ತಿದ್ದುದು ಅದಕ್ಕೆ. ಬೇರೆ ಹೆಂಗಸಿದ್ದಾಳೆ ಎಂದು ನೀನು ಅನುಮಾನಪಟ್ಟೆ. ಹಾಗೆಂದುಕೊಳ್ಳಲಿ ಎಂದು ಬಿಟ್ಟೆ, ಅದೇ ಮೇಲಾಗಿತ್ತು. ಹೋಗುವ ದಿನ ಬಾಗಿಲಲ್ಲಿ ನಿಂತು ನೀನಂದದ್ದು ನೆನಪಿದೆಯಾ? ‘ನೀವು ಒಳಗೆ ಏನೋ ಇಟ್ಕೊಂಡಿದ್ದೀರ. ಅದರ ಜೊತೆ ನನ್ನ ಕೈಲಿ ಸಂಸಾರ ಮಾಡೋಕಾಗಲ್ಲ.’ ನಾನು ಚೀಲ ಎತ್ತಿಕೊಟ್ಟೆ.

ಇಷ್ಟರಲ್ಲೇ ಮುಗಿದಿದ್ದರೂ ಆಗುತ್ತಿತ್ತು. ಕಳೆದ ವರ್ಷ ಅತ್ತೆ ಆಸ್ಪತ್ರೆಯಲ್ಲಿದ್ದಾಗ, ನೀನು ಸ್ಕೂಲಿನಲ್ಲಿರುವ ಹೊತ್ತು ನೋಡಿಕೊಂಡು ಒಮ್ಮೆ ಹೋಗಿದ್ದೆ. ನಿನಗೆ ಗೊತ್ತಿಲ್ಲ. ಅವರು ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಚರ್ಚಿಗೆ ಹೋಗ್ತೀಯಂತೆ, ಒಳ್ಳೇದಾಯ್ತು ಎಂದರು. ಆಮೇಲೆ ಮೆಲ್ಲಗೆ ಕೇಳಿದರು: ‘ಒಂದು ಮಾತು ಹೇಳಪ್ಪಾ, ಅವನು ನಿಜವಾಗ್ಲೂ ಹಾಕಿ ಅಂದನಾ?’

ಟೀಚರಮ್ಮ, ಆ ಬೆಳಿಗ್ಗೆಯಷ್ಟೇ ಮಂಡಿಯೂರಿ ಪ್ರಾರ್ಥನೆ ಮಾಡಿ ಬಂದಿದ್ದೆ. ಕರ್ತನು ಬಾಗಿಲು ತೆರೆದು ನಿಲ್ಲಿಸಿದ ಹಾಗಿತ್ತು. ‘ಹೌದು ಅತ್ತೆ, ಅಂದ’ ಎಂದೆ.

ಅವರು ಗೋಡೆಯ ಕಡೆ ತಿರುಗಿದರು. ‘ಪೆದ್ದ ಮುಂಡೇದು, ಯಾವಾಗಲೂ ಅವಸರ’ ಎಂದರು. ಒಂಬತ್ತು ದಿನಕ್ಕೆ ಹೋದರು. ಮಗನನ್ನು ಬೈದುಕೊಂಡೇ ಹೋದರು.

ಪಾಸ್ಟರಿಗೆ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ನನ್ನ ಜೊತೆ ಅತ್ತರು. ‘ದೇವರೇ ಅಳಿಸಿ ಹಾಕಿದ್ದನ್ನ ನೀನ್ಯಾಕಪ್ಪಾ ಮತ್ತೆ ಬರೀತೀಯ? ಬಿಟ್ಟುಬಿಡು’ ಎಂದರು. ಬಿಡಲು ನೋಡಿದೆ. ಕ್ಷಮಿಸಿದ್ದಾನೆ ಎಂದು ನಂಬುತ್ತೇನೆ, ಸುಳ್ಳು ಹೇಳುತ್ತಿಲ್ಲ. ಆದರೆ ನನ್ನ ಬೆನ್ನಿನಿಂದ ಇಳಿದದ್ದು ಇನ್ನೂ ಗುಬ್ಬಿಯ ಮೇಲೇ ಇದೆಯಲ್ಲ? ಸತ್ತವನ ಮೇಲೆ ಹೊರಿಸಿ ನಾನು ಹಗುರಾಗಿ ಹಾಡು ಹಾಡುವುದು ಹೇಗೆ? ಪಾಸ್ಟರನ್ನೂ ಹೀಗೇ ಕೇಳಿದೆ. ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದರು.

ಹೋದ ವಾರ ಕಂಪನಿಯ ಆಫೀಸಿಗೆ ಹೋದೆ. ಆಗಿನ ಮ್ಯಾನೇಜರು ತೀರಿಕೊಂಡಿದ್ದಾರೆ. ಮೇಜಿನ ಹಿಂದೆ ಹೊಸ ಹುಡುಗಿ. ಅಷ್ಟು ಹಳೇ ಫೈಲು ಇಟ್ಟುಕೊಳ್ಳುವುದಿಲ್ಲ, ಯಾವಾಗಲೋ ರದ್ದಿಗೆ ಹೋಗಿರುತ್ತದೆ ಎಂದಳು. ನಾನು ಬರೆದು ತಂದದ್ದನ್ನಾದರೂ ಇಟ್ಟುಕೋ ತಾಯಿ ಎಂದೆ. ಯಾವುದಕ್ಕೆ ಸೇರಿಸಲಿ ಅಂಕಲ್, ಈಗ ಯಾರೂ ಕೇಳ್ತಿಲ್ವಲ್ಲ ಎಂದಳು. ತಪ್ಪು ಅವಳದಲ್ಲ. ಕಾಗದ ವಾಪಸು ಜೇಬಿಗೆ ಹಾಕಿಕೊಂಡು ಬಂದೆ.

ಹಾಗಾಗಿ ಉಳಿದವಳು ನೀನೊಬ್ಬಳೇ. ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಿದರೆ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಿದಂತೆ. ಈ ಪತ್ರ ಯಾರಿಗೆ ಬೇಕಾದರೂ ತೋರಿಸು, ಪೊಲೀಸರಿಗೂ ಕೊಡು. ನಿನ್ನ ತಮ್ಮ ಅವಸರದವನಲ್ಲ, ಕುಡುಕನಲ್ಲ. ಇದನ್ನು ನಿಮ್ಮಮ್ಮನಿಗೆ ಹೇಳುವ ಹೊತ್ತು ಮೀರಿಹೋಯಿತು. ಅದನ್ನು ದೇವರೂ ಹಿಂದಕ್ಕೆ ತಂದುಕೊಡಲಾರ.

ಇಂತಿ,
ನಿನ್ನ ಗಂಡನಾಗಿದ್ದವನು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಅವನು ಒಳಗಿದ್ದದ್ದು ಮರೆತೆ ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ಪಾಸ್ಟರಿಗೂ ಅಷ್ಟೇ ಹೇಳಿದ್ದೆ. ರೋಗಿಗಳು ಕಾಯುತ್ತಿದ್ದಾರೆ ಎಂದು ಆಸ್ಪತ್ರೆಯವರು ಮೂರು ಸಲ ಬೈದು ಹೋಗಿದ್ದರು. ಆಯ್ತೇನೋ ಎಂದು ನಾನು ಕೂಗಿ ಕೇಳಿದೆ. ಅವನು ಉತ್ತರ ಕೊಟ್ಟ. ನನಗೆ ಸ್ಪಷ್ಟವಾಗಿ ಕೇಳಿಸಿತು. ಲಿಫ್ಟ್ ಕೆಳಗೆ ಬರುವಷ್ಟರಲ್ಲಿ ಪಕ್ಕಕ್ಕೆ ಸರಿದುಕೊಳ್ಳುತ್ತಾನೆ ಬಿಡು ಎಂದುಕೊಂಡು ಹಾಕಿದೆ. ಅವನ ಕಡೆಯ ಮಾತು ನಿನಗೆ ಸೇರಬೇಕಾದದ್ದು, ಒಂಬತ್ತು ವರ್ಷ ನಾನಿಟ್ಟುಕೊಂಡಿದ್ದೆ. ‘ಎರಡೇ ನಿಮಿಷ ಭಾವ’ ಎಂದ.